ಹನ್ನೆರಡನೆಯ ಪಾಲು

ನಾಯಿ ಮತ್ತೆ ಅಲ್ಲೇ ಬಂದು ಮಲಗಿತ್ತು. ಬೆಳಗಿನಿಂದ ಮೂರು ಸಲ ಕಲ್ಲು ಬೀಸಿ ಓಡಿಸಿದ್ದ ಆದೆಪ್ಪ. ಬನ್ನಿ ಗಿಡದ ತನಕ ಓಡಿ ಹಿಂದಿರುಗಿ ನೋಡುತ್ತದೆ, ಅವನ ಬೆನ್ನು ತಿರುಗಿದ್ದೇ ತಡ, ಬಂದು ಕಾಳು ತುಂಬಿಟ್ಟ ನೆಲದೊಳಗಿನ ಹಗೇವಿನ ಬಾಯಿಯ ಮೇಲೆ ಒಂದು ಸುತ್ತು ಹಾಕಿ ಮುದುಡಿಕೊಳ್ಳುತ್ತದೆ. ಶ್ರಾವಣದ ತುಂತುರು ಹಿಡಿದು ನಾಲ್ಕು ದಿನವಾಗಿತ್ತು. ವಳಕಮದಿನ್ನಿಯ ನಾಯಿಗಳೆಲ್ಲ ಬಂಡಿಯ ಕೆಳಗೆ, ಕಟ್ಟೆಯ ಕೆಳಗೆ ನಡುಗುತ್ತ ಕೂತಿರುವಾಗ ಇದೊಂದಕ್ಕೆ ಬಯಲಲ್ಲಿ, ಹಸಿ ನೆಲದ ಮೇಲೆ, ಇಷ್ಟು ಸುಖದ ನಿದ್ದೆ ಎಲ್ಲಿಂದ ಬರುತ್ತದೆ? ಎಲ್ಲಿಂದ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕಲ್ಲು ಬೀಸಿದ್ದು. ನಾಲ್ಕನೆಯ ಸಲ ಅದನ್ನು ಎಬ್ಬಿಸಿ, ಅದು ಮಲಗಿದ್ದ ಜಾಗದಲ್ಲಿ ಅಂಗೈ ಊರಿದ. ಜ್ವರ ಬಂದ ಕೂಸಿನ ನೆತ್ತಿಯ ಹಾಗೆ ನೆಲ ಬೆಚ್ಚಗಿತ್ತು. ನಾಯಿಯ ಮೈ ಕಾವು ಅದು, ಇನ್ನೇನು, ಎಂದುಕೊಂಡು ನಾಯಿ ಮಲಗದೇ ಇದ್ದ ಇನ್ನೊಂದು ಕಡೆ ಕೈ ಇಟ್ಟ. ಅಲ್ಲಿಯೂ ಬೆಚ್ಚಗಿತ್ತು. ಕೈ ಒರೆಸಿಕೊಂಡು ಎದ್ದ.

ಹನ್ನೊಂದು ಮನೆಯವರ ಜೋಳ ಆ ನೆಲದ ಕೆಳಗಿತ್ತು. ಇವತ್ತು ಆದಿತ್ಯವಾರ, ನಾಗರ ಪಂಚಮಿ ಕಳೆದ ಮೊದಲ ಆದಿತ್ಯವಾರ. ಹಟ್ಟಿಯ ಗಣಿಯ ಕ್ವಾರ್ಟರ್ಸಿನಿಂದ ಮನೆಗೊಬ್ಬರಂತೆ ಹನ್ನೊಂದು ಮಂದಿ ಲಿಂಗಸೂಗೂರು, ಮಸ್ಕಿ, ಸಿಂಧನೂರು ಎಂದು ಬಸ್ಸು ಬದಲಿಸುತ್ತ ಖಾಲಿ ಚೀಲ ಮಡಿಸಿ ಬಗಲಲ್ಲಿಟ್ಟುಕೊಂಡು ಬರುತ್ತಾರೆ. ಆರು ವರ್ಷದಿಂದ ಹೀಗೆಯೇ ಬರುತ್ತಿದ್ದಾರೆ. ಗಿರಾಕಿಗಳಲ್ಲ ಅವರು, ಹಾಗೆಂದರೆ ಅವರಲ್ಲಿ ಹಿರಿಯಳಾದ ಗ್ಯಾನಮ್ಮ ಸಿಟ್ಟಾಗುತ್ತಾಳೆ. "ಹೊಲ ನಿಂದು, ಹೊಟ್ಟಿ ನಮ್ದು, ನಡಬರಕ ಅಂಗಡಿಯಾವ ಯಾಕ?" ಎಂದು ಮೊದಲ ವರ್ಷ ಅಂದವಳೇ ಅವಳು. ಆದೆಪ್ಪನ ಎತ್ತು ಸತ್ತ ವರ್ಷ ಅದು. ಹನ್ನೊಂದು ಮನೆ ಕೂಡಿ ಎತ್ತು ಕೊಡಿಸಿದರು. ಹಿಂಗಾರಿಯಲ್ಲಿ ಕೂರಿಗೆ ಹೂಡುವ ದಿನ ಬಂದು ಪ್ರತಿಯೊಬ್ಬರೂ ಒಂದೊಂದು ಮುಷ್ಟಿ ಬೀಜ ತಮ್ಮ ಕೈಯಿಂದಲೇ ಬಟ್ಟಲಿಗೆ ಹಾಕಿದರು. ಬೆಳೆದದ್ದರಲ್ಲಿ ಹನ್ನೆರಡು ಪಾಲು, ಹನ್ನೊಂದು ಅವರದು, ಒಂದು ಅವನದು. ಹೊಲ ಹೆಚ್ಚು ಕೊಟ್ಟರೆ ಹೆಚ್ಚು, ಕಡಿಮೆ ಕೊಟ್ಟರೆ ಕಡಿಮೆ. ಹನ್ನೆರಡೂ ಒಂದೇ ಹಗೇವಿಗೆ ಬೀಳಬೇಕು, ಒಂದೇ ದಿನ ಮೇಲೆ ಬರಬೇಕು. ನಿನ್ನ ಕಾಳು ನನ್ನ ಕಾಳು ಎಂದು ಗುರುತು ಇರಕೂಡದು. ಎರೆಮಣ್ಣು ಹಿಡಿದು ಆಡಿದ ಮಾತು. ಮೂರನೆಯ ವರ್ಷ ಮಳೆ ಕೈಕೊಟ್ಟು ಮನೆಗೆ ಅರ್ಧ ಚೀಲವಷ್ಟೇ ಬಂದಾಗ ಅವರು ಆ ಅರ್ಧ ಚೀಲವನ್ನೇ ಹೊತ್ತು, ಅವನ ಹೆಂಡತಿ ಗದ್ದೆಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಹೊಲ ಕೊಟ್ಟಷ್ಟು" ಎಂದು ಹೋಗಿದ್ದರು. ಒಬ್ಬರಾದರೂ ಮುಖ ಸಿಂಡರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆದೆಪ್ಪನಿಗೆ ಈಗ ಅನಿಸುತ್ತದೆ.

ಮನೆ ಊರಿನ ಅಂಚಿಗಿತ್ತು. ಮನೆಯ ಬೆನ್ನಿಗೆ ದಿನ್ನೆ, ದಿನ್ನೆಯಲ್ಲಿ ಎರಡಾಳು ಆಳದ ಹಗೇವು, ಅದರಾಚೆ ಹೊಲ. ಅವನ ಅಪ್ಪನ ಕಾಲದ ಗುಂಡಿ ಅದು. ಒಂದಾಳು ತೂರುವಷ್ಟು ಬಾಯಿ, ಒಳಗೆ ಹೊಟ್ಟೆ ಅಗಲ, ಸುತ್ತ ಜೋಳದ ಸೊಪ್ಪೆಯ ಹೊದಿಕೆ. ಐದು ವರ್ಷ ಇಟ್ಟರೂ ಕಾಳು ಇಟ್ಟ ಹಾಗೇ ಇರುತ್ತಿತ್ತು. ಈ ನೆಲದಲ್ಲಿ ನೀರೆಂಬುದೇ ಇರಲಿಲ್ಲವಲ್ಲ! ಈಗ ದಿನ್ನೆಯಾಚೆ ನೋಡಿದರೆ ಹೊಲವೇ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಕಾಲುವೆಯ ನೀರು ತುಂಬಿ ನಿಂತ ಮಡಿಗಳಲ್ಲಿ ಮೋಡಗಳು ತಲೆಕೆಳಗಾಗಿ ತೇಲುತ್ತವೆ, ಅವುಗಳ ನಡುವೆ ಭತ್ತದ ಎಳೆಯ ಸಸಿಗಳು ನಿಂತಿವೆ. ಮೊದಲ ಸಲ ನೀರು ಬಿಟ್ಟ ದಿನ ಆದೆಪ್ಪ ಬದುವಿನ ಮೇಲೆ ನಿಂತು, ತನ್ನ ಹೊಲವನ್ನು ಯಾರೋ ಎತ್ತಿಕೊಂಡು ಹೋಗಿ ಆ ಜಾಗದಲ್ಲಿ ಮತ್ತೇನನ್ನೋ ಇಟ್ಟಿದ್ದಾರೆ ಎಂದು ಹೆದರಿದ್ದ. ಕಪ್ಪೆಗಳು ಬಂದವು. ಅವನ ಅಜ್ಜ ಮುತ್ತಜ್ಜ ಕಾಣದ ಏಡಿಗಳು ಬಂದವು. ಮೊನ್ನೆ ಮುಂಜಾನೆ ಹೊಸ್ತಿಲ ಮೇಲೆ ಒಂದು ಏಡಿ ಎರಡೂ ಕೊಂಡಿ ಎತ್ತಿ ಒಳಗೆ ನೋಡುತ್ತ ನಿಂತಿತ್ತು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೆಡ್ಡಿಗಳು ಭತ್ತ ಬೆಳೆದು ಎರಡೇ ಬೆಳೆಗೆ ಮಾಳಿಗೆ ಮನೆ ಕಟ್ಟಿದ್ದನ್ನು ಕಂಡು ಅವನ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಆದರೆ ಗ್ಯಾನಮ್ಮ ಹೋದ ವರ್ಷವೇ ಕೇಳಿದ್ದಳು, "ಕೆಳಗಿನ ಹೊಲಕ್ಕ ನೀರು ಬಿಡು, ಬ್ಯಾಡ ಅನ್ನಂಗಿಲ್ಲ. ಮ್ಯಾಲಿಂದಕ್ಕ ಬಿಡಬ್ಯಾಡ ತಮ್ಮಾ, ಹಗೇವು ಐತಿ." ಅವನು ಹೂಂ ಅಂದಿದ್ದ. ಹೂಂ ಅನ್ನುವುದು ಅವನಿಗೆ ಎಂದೂ ಕಷ್ಟವಾಗಿಲ್ಲ.

ಹಾಗೆ ನೋಡಿದರೆ ಮೇಲಿನ ಹೊಲಕ್ಕೆ ನೀರು ಬಿಡುತ್ತೇನೆಂದು ಸುಗ್ಗಿಯಲ್ಲಿ ಅವನು ತೀರ್ಮಾನಿಸಿರಲಿಲ್ಲ. ಪ್ರಮಾಣ ಮಾಡಿ ಹೇಳಬಲ್ಲ. ರಾಶಿ ಆಯಿತು, ಹನ್ನೊಂದು ಪಾಲು ಹಗೇವಿಗೆ ಸುರಿದ. ಹನ್ನೆರಡನೆಯದನ್ನು, ತನ್ನದನ್ನು, ಎತ್ತಿಕೊಂಡವನು ಹಗೇವಿನ ಬಾಯಿಯ ತನಕ ಬಂದು ಅಲ್ಲೇ ನಿಂತ. ಯಾಕೆ ನಿಂತ? ಸೊಂಟ ಹಿಡಿದಿತ್ತು. ಗದ್ದೆಮ್ಮ, "ಹಾಕು ಮತ್ತ" ಅಂದಳು. "ಇರಲಿ ತಡಿ, ಮನ್ಯಾಗ ಇರಲಿ ಸ್ವಲ್ಪ ದಿನ" ಅಂದ. ಅವಳು ಅವನ ಮುಖವನ್ನೇ ನೋಡಿದಳು. ಆ ಕಾಳು ಪಡಸಾಲೆಯ ವಾಡೆಗೆ ಬಿತ್ತು, ಅವಳೆತ್ತರದ ಮಣ್ಣಿನ ವಾಡೆಗೆ. ಆಷಾಢದಲ್ಲಿ ಕಾಲುವೆಗೆ ನೀರು ಬಂದಾಗ ಅವನ ಕೈ ತಾನಾಗಿಯೇ ಮೇಲಿನ ಹೊಲದ ತೂಬು ತೆಗೆಯಿತು. ಅಂದರೆ ಸುಗ್ಗಿಯಲ್ಲೇ ಆ ಕೈಗೆ ಗೊತ್ತಿತ್ತು. ತನಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು ಎಂದು ಹೇಳಿದರೆ ಯಾರು ನಂಬುತ್ತಾರೆ? ಗದ್ದೆಮ್ಮ ಇಷ್ಟು ದಿನವೂ ಆ ವಾಡೆಯಿಂದ ಒಂದು ಕಾಳು ತೆಗೆದಿರಲಿಲ್ಲ. ಹಳೆಯ ವರ್ಷದ ಮುಗ್ಗಲು ಜೋಳ ಬೀಸಿ ರೊಟ್ಟಿ ಬಡಿಯುತ್ತಿದ್ದಳು. ವಾಡೆಯ ಮುಂದೆ ಹಾಯುವಾಗ ಸೆರಗು ತಾಗದ ಹಾಗೆ ಹಿಡಿದುಕೊಂಡು ಹಾಯುತ್ತಿದ್ದಳು, ಮನೆಯಲ್ಲಿ ಯಾರೋ ಬೇರೆ ಗಂಡಸು ಕೂತಿದ್ದಾನೆ ಅನ್ನುವ ಹಾಗೆ.

ವಾಸನೆ ಶುರುವಾಗಿ ಹದಿನೈದು ದಿನವಾಗಿತ್ತು. ಮೊದಲು ದಿನ್ನೆಯ ಹತ್ತಿರ ಮಾತ್ರ ಇತ್ತು. ಸಿಹಿ ವಾಸನೆ, ಸಿಂದಿ ಹುಳಿಯುವಾಗ ಬರುವಂಥದು. ಆಮೇಲೆ ಅವನ ಹೊದಿಕೆಯಲ್ಲಿ, ಕುಡಿಯುವ ನೀರಿನಲ್ಲಿ, ಗದ್ದೆಮ್ಮನ ಕೂದಲಿನಲ್ಲಿ. "ನಿನಗ ಬರ್ತದನು ವಾಸನಿ?" ಎಂದು ಕೇಳಿದರೆ "ಇಲ್ಲ" ಅನ್ನುತ್ತಾಳೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವನು ಬೋರಲು ಮಲಗಿ ನೆಲಕ್ಕೆ ಕಿವಿ ಇಟ್ಟ. ಒಳಗೆ ಸದ್ದಿತ್ತು. ಬಹಳ ಮೆತ್ತಗೆ, ಕತ್ತಲಲ್ಲಿ ದನ ಮೆಲುಕು ಹಾಕುವ ಸದ್ದು. ಕಿವಿ ತೆಗೆದರೆ ಇಲ್ಲ, ಇಟ್ಟರೆ ಇದೆ. ಹನ್ನೊಂದು ಮನೆಯವರು ಒಳಗೆ ಕೂತು ಅವನಿಗೆ ಕಾಣದ ಹಾಗೆ ಉಣ್ಣುತ್ತಿದ್ದಾರೆ ಅನಿಸಿತು. ಛೀ, ಹುಚ್ಚು ಹಿಡಿಯಿತೇನಲೇ ನಿನಗೆ ಎಂದು ತನ್ನನ್ನೇ ಬೈದುಕೊಂಡು ಎದ್ದರೆ, ಆ ಕಡೆಯ ಕಿವಿ ಇಡೀ ದಿನ ಬೆಚ್ಚಗೇ ಉಳಿಯಿತು.

ಹಗೇವನ್ನು ನಿನ್ನೆಯೇ ತೆಗೆಯಬೇಕಾಗಿತ್ತು. ಹಗೇವು ಬಲ್ಲ ಮನೆಯ ಚಿಕ್ಕ ಮಕ್ಕಳೂ ಹೇಳುವ ಮಾತು ಅದು: ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಡಬೇಕು, ಒಳಗಿನದು ಉಸಿರು ಬಿಡಬೇಕು, ಆಮೇಲೆ ಆಳು ಇಳಿಯಬೇಕು. ಇಲ್ಲದಿದ್ದರೆ ಇಳಿದವನು ಬರುವುದಿಲ್ಲ. ಒಳ್ಳೆಯ ಕಾಳಿದ್ದರೇ ಹೀಗೆ, ಕೆಟ್ಟ ಕಾಳಾದರೆ ಕೇಳುವುದೇ ಬೇಡ. ಪ್ರತಿ ವರ್ಷ ಆದೆಪ್ಪ ಶನಿವಾರವೇ ಬಾಯಿ ಮುಚ್ಚಿದ ಕಲ್ಲು ಸರಿಸಿಡುತ್ತಿದ್ದ, ಆದಿತ್ಯವಾರ ದುರುಗಪ್ಪ ಇಳಿಯುತ್ತಿದ್ದ. ದುರುಗಪ್ಪ ಆ ಹನ್ನೊಂದು ಮಂದಿಯಲ್ಲೊಬ್ಬ, ಗಣಿಯಲ್ಲಿ ಕೆಳಗಿಳಿಯುವ ಆಳು. "ವಾರಕ್ಕ ಆರು ದಿನ ಬಂಗಾರಕ್ಕ ಇಳೀತೀನಿ, ವರ್ಷಕ್ಕ ಒಂದಿನ ಜ್ವಾಳಕ್ಕ. ಎರಡರಾಗ ಇದ ಚಲೋ, ಇದನ್ನ ತಿನ್ನಾಕ ಬರ್ತದ" ಎಂದು ನಗುತ್ತಿದ್ದ. ನಿನ್ನೆ ಆದೆಪ್ಪ ಸಲಿಕೆ ಹಿಡಿದು ಮೂರು ಸಲ ದಿನ್ನೆ ಹತ್ತಿದ. ತೆಗೆದರೆ ಕಾಣುತ್ತದೆ. ಕಂಡ ಮೇಲೆ ಹಟ್ಟಿಗೆ ಖಬರ್ ಕಳಿಸಬೇಕು. ಕಳಿಸಿದರೆ, ಯಾಕೆ ಕೆಟ್ಟಿತು, ಮೇಲಿನ ಹೊಲಕ್ಕೆ ನೀರು ಬಿಟ್ಟಿಯಾ? ಬಿಟ್ಟೆ. ಅಯ್ಯೋ, ಹಾಗಾದರೆ ನಿನ್ನ ಪಾಲೂ ಹೋಯಿತಲ್ಲ? ಇಲ್ಲಿಗೆ ಬಂದು ಅವನ ತಲೆ ನಿಲ್ಲುತ್ತಿತ್ತು. ನೀರು ಬಿಟ್ಟದ್ದನ್ನು ಆಸೆ ಅನ್ನಬಹುದು, ಕ್ಷಮಿಸುತ್ತಾರೆ. ವಾಡೆಯೊಳಗಿನದನ್ನು ಏನೆನ್ನುತ್ತಾರೆ? ಮೂರು ಸಲವೂ ಸಲಿಕೆ ಹೊತ್ತು ಇಳಿದುಬಂದ. ಇವತ್ತು ಬೆಳಗ್ಗೆ ಮೇಲಿನ ಮಣ್ಣು ಮಾತ್ರ ಸರಿಸಿ, ನಿನ್ನೆ ತೆಗೆದದ್ದು ಅನ್ನುವ ಹಾಗೆ ಅಂಚನ್ನು ಕಾಲಿನಿಂದ ತುಳಿದು ಸಪಾಟು ಮಾಡಿದ. ಕಲ್ಲು ಮುಟ್ಟಲಿಲ್ಲ.

"ನೀ ಹೇಳ್ತಿಯೋ, ನಾ ಹೇಳ್ಲೋ?" ಗದ್ದೆಮ್ಮ ಹಿಂದೆ ಬಂದು ನಿಂತಿದ್ದಳು, ಕೈಯಲ್ಲಿ ಕಸಬರಿಗೆ.

"ಏನು ಹೇಳೋದೈತಿ?"

"ದುರುಗಪ್ಪ ಇಳೀತಾನ."

"ಪ್ರತಿ ವರ್ಷ ಇಳೀತಾನ."

"ಪ್ರತಿ ವರ್ಷ ನೀ ತೆಗದಿಟ್ಟಿರ್ತಿದ್ದಿ."

ಅವನಿಗೆ ಸಿಟ್ಟು ಬಂತು. "ಹೋಗಬೇ, ಒಲಿ ಮುಂದಿನ ಕೆಲಸ ನೋಡು" ಅಂದ. ಅವಳು ಹೋಗಲಿಲ್ಲ, ಅವನೇ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ದಾರಿಯುದ್ದಕ್ಕೂ ಮೂಗಿಗೆ ಕೈ ಹೋಗುತ್ತಿತ್ತು, ವಾಸನೆ ಇದೆಯೇ ಎಂದು. ಬಂಡಿ ಹೂಡಿ ರಸ್ತೆಗೆ ಬಂದು ಕಾಯ್ದ. ಆ ಎತ್ತುಗಳಲ್ಲಿ ಒಂದು ಅವರು ಕೊಡಿಸಿದ್ದು.

ಬಸ್ಸು ಇಳಿದರು. ಗ್ಯಾನಮ್ಮ ಮುಂದೆ, ಮೊಣಕಾಲು ಹಿಡಿದುಕೊಂಡು, ಗಣಿಯ ಮೇಲೆ ಯಂತ್ರದ ಹಗ್ಗ ಎಳೆಸುವ ಅಮೀನ್‌ಸಾಬ್, ಒಗೆದ ಬಿಳಿ ಅಂಗಿ ತೊಟ್ಟ ದುರುಗಪ್ಪ, ಉಳಿದವರು. ಹನ್ನೊಂದು. ಬಂಡಿಯಲ್ಲಿ ಅವರ ಮಾತು ಅವರಿಗೆ ನಡೆದಿತ್ತು. ಪೇಟೆಯಲ್ಲಿ ಸಿಗುವ ಕೆಂಪು ಪರದೇಶಿ ಜೋಳದ ರೊಟ್ಟಿ ಹರಿಯುವುದಿಲ್ಲ, ಚಪ್ಪಲಿ ಹೊಲಿಯಬಹುದು ಎಂದು ಅಮೀನ್‌ಸಾಬ್ ಅಂದರೆ ಎಲ್ಲರೂ ನಕ್ಕರು. ಮನೆಯಲ್ಲಿ ಹಿಟ್ಟು ತಳ ಮುಟ್ಟಿದೆ, ಇವತ್ತೇ ಬೀಸಬೇಕು ಎಂದರು. ಆದೆಪ್ಪ ಹಿಂದಿರುಗಿ ನೋಡಲಿಲ್ಲ. ದಾರಿ ತಿರುಗಿದಾಗ ಮೇಲಿನ ಹೊಲದ ನೀರು ಕಂಡಿತು. ಬಂಡಿಯಲ್ಲಿ ಮಾತು ನಿಂತಿತು. ಈಗ ಕೇಳುತ್ತಾರೆ, ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡ. ಅವನ ಬೆನ್ನಿನ ಚರ್ಮವೆಲ್ಲ ಕಿವಿಯಾಗಿತ್ತು. ಗ್ಯಾನಮ್ಮ, "ಎಷ್ಟು ಹಸರ ಐತಿ ನೋಡ್ರಿ" ಅಂದಳು. ಅಷ್ಟೇ.

ದಿನ್ನೆಯ ಮೇಲೆ ನಾಯಿ ಮಲಗಿತ್ತು. ಅಮೀನ್‌ಸಾಬ್ ಹುಶ್ ಎಂದು ಎಬ್ಬಿಸಿದ. ಕಲ್ಲು ಮುಚ್ಚಿದ್ದನ್ನು ನೋಡಿ ದುರುಗಪ್ಪ ನಿಂತ.

"ತೆಗದಿಲ್ಲೇನಣ್ಣ?"

"ತೆಗದಿದ್ದೆ. ನಿನ್ನೇನ ತೆಗದೀನಿ. ಮಳಿ ಬಂತಲ್ಲ, ಈಗರ ಮುಚ್ಚಿದೆ."

"ಉಸರು ಬಿಟ್ಟೈತಿ?"

"ಹೂಂ. ಬಿಟ್ಟೈತಿ."

ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅದು ಇನ್ಯಾರದೋ ದನಿ ಎಂದು ಆದೆಪ್ಪ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿ ಗದ್ದೆಮ್ಮ ನಿಂತಿದ್ದಳು, ನೆಲ ನೋಡುತ್ತ. ನಾಲ್ಕು ಜನ ಹಾರೆ ಹಾಕಿ ಕಲ್ಲು ಸರಿಸಿದರು. ಬಾಯಿಯಿಂದ ಬಿಳಿಯದೇನೋ ಎದ್ದಿತು. ಹೊಗೆಯಲ್ಲ, ಚಳಿಯಲ್ಲಿ ಮನುಷ್ಯನ ಬಾಯಿಂದ ಬರುತ್ತದಲ್ಲ ಅಂಥದು. ಎದ್ದು, ನಿಂತ ಹನ್ನೊಂದು ಜನರ ಮುಖವನ್ನು ಒಂದು ಸಲ ಸವರಿ, ತುಂತುರಿನಲ್ಲಿ ಇಲ್ಲವಾಯಿತು. ವಾಸನೆ ಬಂತು. ನಾಯಿ ದೂರದಿಂದ ಒಮ್ಮೆ ಗೋಳಿಟ್ಟಿತು.

"ವಾಸನಿ ಬ್ಯಾರೆ ಐತಲ್ಲೋ ಯಪ್ಪಾ" ಗ್ಯಾನಮ್ಮ ಸೆರಗು ಮೂಗಿಗೆ ಹಿಡಿದಳು.

"ಮ್ಯಾಲಿನ ಸೊಪ್ಪಿ ತೊಯ್ದಿರಬೇಕು ಯವ್ವಾ" ಎಂದು ಉತ್ತರ ಕೊಟ್ಟವನು ದುರುಗಪ್ಪ. ಆದೆಪ್ಪನ ಪರವಾಗಿ ಅವನೇ ಹೇಳಿದ್ದ. ಹೇಳಿ, ಬಿಳಿ ಅಂಗಿ ಬಿಚ್ಚಿ, ಮಡಿಸಿ, ಗದ್ದೆಮ್ಮನ ಕೈಗೆ ಕೊಟ್ಟ. ಹಗ್ಗ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಇನ್ನೊಂದು ತುದಿಯನ್ನು, ಪ್ರತಿ ವರ್ಷದ ಹಾಗೆ, ಆದೆಪ್ಪನ ಕೈಗೆ ಇಟ್ಟ. "ಜರಾ ಗಟ್ಟಿ ಹಿಡಿಯಣ್ಣ, ಮನ್ಯಾಕಿ ಚಟ್ನಿಪುಡಿ ಕಟ್ಟ್ಯಾಳ, ಮ್ಯಾಲೆ ಬಂದು ಉಣ್ಣೋದೈತಿ."

ಆ ಹಗ್ಗ ಅಂಗೈಯಲ್ಲಿ ಬಂದು ಬಿದ್ದಾಗ ಆದೆಪ್ಪನಿಗೆ ಕಂಡದ್ದು ಒಳಗಿನ ಕತ್ತಲೆಯಲ್ಲ, ದುರುಗಪ್ಪನ ಬೆನ್ನು. ಬೆನ್ನಿನ ನಡುವೆ ಗಣಿಯ ಕಲ್ಲು ತಾಗಿದ ಹಳೆಯ ಕಲೆ, ಅದರ ಪಕ್ಕ ಬೆವರುಸಾಲೆ. ಬಿಸಿಲು ಕಾಣದ ಬೆನ್ನು, ಮಗುವಿನದರ ಹಾಗೆ ತೆಳು ಚರ್ಮ. ಈ ಬೆನ್ನು ಇನ್ನು ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಮಲಗಿರುತ್ತದೆ, ಗದ್ದೆಮ್ಮನ ಕೈಯಲ್ಲಿ ಆ ಅಂಗಿ ಹಾಗೇ ಇರುತ್ತದೆ. ಆಗಲೂ ತಾನು, ನಿನ್ನೇನ ತೆಗೆದಿದ್ದೆನ್ರೀ, ಎಂದೇ ಹೇಳುತ್ತೇನೆ. ಆಗಲೂ ಅವರು ನಂಬುತ್ತಾರೆ. ಅವರು ನಂಬುತ್ತಾರೆ ಅನ್ನುವುದೇ ಅವನಿಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು. ದುರುಗಪ್ಪ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟಿದ್ದ. "ಬೆಚ್ಚಗೈತಲ್ಲೋ" ಎಂದು ಬೆರಗಿನಿಂದ ಅಂದ.

"ಏಳು" ಅಂದ ಆದೆಪ್ಪ.

"ಯಾಕಣ್ಣ?"

"ಏಳು ಅಂದೆ. ಈ ಸಲ ನಾ ಇಳೀತೀನಿ."

ಎಲ್ಲರೂ ನಕ್ಕರು. ಈ ಹೊಟ್ಟೆ ಹೊತ್ತು ಇಳಿದರೆ ಹಗೇವಿಗೆ ಬಿರಡೆ ಹಾಕಿದಂತಾಗುತ್ತದೆ ಎಂದು ಅಮೀನ್‌ಸಾಬ್ ಅಂದ. ಆದೆಪ್ಪ ನಗಲಿಲ್ಲ. ದುರುಗಪ್ಪನ ಸೊಂಟದ ಗಂಟಿಗೆ ಕೈ ಹಾಕಿ ಬಿಚ್ಚತೊಡಗಿದ. ಗಂಟು ಬರಲಿಲ್ಲ, ಕೊನೆಗೆ ದುರುಗಪ್ಪನೇ ಬಿಚ್ಚಿ ಇವನಿಗೆ ಕಟ್ಟಿದ. ಇದು ಧೈರ್ಯವಲ್ಲ, ಅದು ಅವನಿಗೂ ಗೊತ್ತಿತ್ತು. ಬೆಳಕಿನಲ್ಲಿ, ಇಷ್ಟು ಮುಖಗಳ ಎದುರು ಆಡಲಾಗದ ಒಂದು ಮಾತಿತ್ತು, ಅದನ್ನು ಆಡಲು ಬೇರೆ ಜಾಗ ಸಿಗಲಿಲ್ಲ, ಅಷ್ಟೇ.

ಇಳಿದ. ಮೊದಲು ಕಾಲಿಗೆ ಕಾವು ತಾಗಿತು, ಆಮೇಲೆ ತೊಡೆಗೆ, ಎದೆಗೆ. ಕಾಲು ಊರಿದ್ದು ಕಾಳಿನ ಮೇಲಲ್ಲ, ಮೆತ್ತಗಿನ ಯಾವುದರದೋ ಮೇಲೆ. ಮೇಲಿನಿಂದ ಬಿದ್ದ ಬೆಳಕಿನ ವೃತ್ತದಲ್ಲಿ ನೋಡಿದ. ಕಾಳೆಲ್ಲ ಮೊಳೆತಿತ್ತು. ಬಿಸಿಲು ಕಾಣದೆ ಬೆಳ್ಳಗೆ, ಗೇಣುದ್ದ, ಮುದುಕಿಯ ಕೂದಲಿನಂತೆ ಒತ್ತೊತ್ತಾಗಿ ಮೊಳಕೆ ಎದ್ದು ಗೋಡೆಯ ತನಕ ಹಬ್ಬಿತ್ತು. ಅವನ ಕಾಲಿನ ಸುತ್ತ ಅದು ಅಲುಗಿತು. ಗಾಳಿಯೇ ಇರಲಿಲ್ಲ, ಆದರೂ ಅಲುಗಿತು. ಹನ್ನೊಂದು ಮುಷ್ಟಿ ಬೀಜ, ಹನ್ನೊಂದು ಕೈ. ಒಬ್ಬೊಬ್ಬರ ಕೈಯನ್ನೂ ಗುರುತು ಹಿಡಿಯಬಲ್ಲೆ ಅನಿಸಿತು. ಉಸಿರು ಎಳೆದ, ಒಳಗೇನೂ ಬರಲಿಲ್ಲ. ಮೇಲೆ ನೋಡಿದ. ಬಾಯಿಯ ಸುತ್ತ ಮುಖಗಳು ಬಾಗಿದ್ದವು, ಆಕಾಶದ ಬೆಳಕಿಗೆ ಎಲ್ಲವೂ ಕಪ್ಪು, ಯಾವುದು ಯಾರದೆಂದು ತಿಳಿಯಲಿಲ್ಲ.

"ಹೆಂಗೈತಣ್ಣ? ಏನರ ಹೇಳು!"

ಎಲ್ಲ ಉಸಿರನ್ನೂ ಕೂಡಿಸಿ ಆದೆಪ್ಪ ಕೂಗಿದ. "ನಂದಿಲ್ಲ! ನನ್ನ ಪಾಲು ಇದರಾಗ ಇಲ್ಲ! ಮನ್ಯಾಗೈತಿ!" ಕೂಗಿದೆನೆಂದು ಅವನಿಗೆ ಅನಿಸಿತು. ಮಾತು ಮೇಲಕ್ಕೆ ಹೋಯಿತೋ, ಮೊಳಕೆಗಳಲ್ಲೇ ಸಿಕ್ಕಿಕೊಂಡಿತೋ. ಮುಖಗಳು ಅಲುಗಲಿಲ್ಲ. ಹಗ್ಗ ಸಡಿಲವಾಗಿಯೇ ಇತ್ತು. ಕೇಳಿಸಿದೆ, ಅದಕ್ಕೇ ಸಡಿಲ ಬಿಟ್ಟಿದ್ದಾರೆ, ನ್ಯಾಯವೇ, ಎಂದುಕೊಂಡ. ಮಂಡಿ ಕುಸಿಯಿತು. ಬಿಳಿಯ ಮೊಳಕೆ ಕೆನ್ನೆಗೆ ತಾಗಿತು, ಬೆಚ್ಚಗೆ.

ಕಣ್ಣು ಬಿಟ್ಟಾಗ ಮೈಮೇಲೆ ಮಳೆ ಬೀಳುತ್ತಿತ್ತು. ಎದೆ ಉರಿಯುತ್ತಿತ್ತು, ಸೊಂಟದಲ್ಲಿ ಹಗ್ಗ ಕೊರೆದ ಗೆರೆ ಉರಿಯುತ್ತಿತ್ತು. ಎಳೆದವನು ದುರುಗಪ್ಪ, ಅವನ ಅಂಗೈ ಎರಡೂ ಸುಲಿದಿದ್ದವು. ಅಮೀನ್‌ಸಾಬ್ ಉರಿಯುವ ಲಾಟೀನು ಒಂದನ್ನು ದಾರಕ್ಕೆ ಕಟ್ಟಿ ಹಗೇವಿಗೆ ಇಳಿಬಿಟ್ಟ. ಅದು ಆಳುದ್ದ ಇಳಿಯುವ ಮೊದಲೇ ಆರಿತು. ಎಲ್ಲರೂ ಅದನ್ನು ನೋಡಿದರು, ಆದೆಪ್ಪನ ಮೈಗೆ ಅಂಟಿದ್ದ ಬಿಳಿ ಮೊಳಕೆಗಳನ್ನೂ ನೋಡಿದರು.

"ನೀ ನಿನ್ನೆ ತೆಗದಿಲ್ಲ" ಅಂದ ದುರುಗಪ್ಪ.

"ಇಲ್ಲ."

"ನಾ ಇಳೀತಿದ್ದೆ."

"ಹೂಂ."

"ಮನ್ಯಾಗ ಮೂರು ಮಕ್ಕಳದಾವಣ್ಣ ನಂಗ." ಅವನ ದನಿ ಏರಲಿಲ್ಲ. ಎದ್ದು ಹೋಗಿ ಬನ್ನಿ ಗಿಡದ ಕೆಳಗೆ ಬೆನ್ನು ಮಾಡಿ ಕೂತ. ಗದ್ದೆಮ್ಮ ಅಂಗಿ ಒಯ್ದು ಕೊಟ್ಟರೆ ತೊಟ್ಟುಕೊಳ್ಳದೆ ತೊಡೆಯ ಮೇಲೆ ಇಟ್ಟುಕೊಂಡ. ಬೈದರೆ ಸಾಕು, ಯಾರಾದರೂ ಬಂದು ಒದ್ದರೆ ಸಾಕು ಎಂದು ಆದೆಪ್ಪ ಕೆಸರಿನಲ್ಲಿ ಬಿದ್ದುಕೊಂಡು ಕಾದ. ಯಾರೂ ಬರಲಿಲ್ಲ. ಮನೆಯೊಳಗಿನಿಂದ ಏನನ್ನೋ ಎಳೆಯುವ ಸದ್ದು ಬಂತು.

ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದಾಗ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ವಾಡೆಯ ಬುಡದ ತೂತಿಗೆ ತುರುಕಿದ್ದ ಬಟ್ಟೆಯನ್ನು ಗದ್ದೆಮ್ಮನೇ ಕಿತ್ತಿದ್ದಳು. ಜೋಳ ಸುರಿಯುತ್ತಿತ್ತು, ಬೆಳ್ಳಗೆ, ಒಣಗಿ, ಮುತ್ತಿನಂಥದು. ಹನ್ನೊಂದು ಮನೆಗೆ ಅದೇನು, ಹದಿನೈದು ದಿನದ ಹಿಟ್ಟಾಗುವುದೂ ಕಷ್ಟ. ಗ್ಯಾನಮ್ಮ ಮಂಡಿಯೂರಿ ಕೂತು ಬುಟ್ಟಿಯಲ್ಲಿ ಅಳೆದು ಗುಂಪು ಹಾಕುತ್ತಿದ್ದಳು, ಮೊದಲಿನದಕ್ಕೆ ಒಂದು ಅನ್ನದೆ, ಕಣದಲ್ಲಿ ಅನ್ನುವ ಹಾಗೆ. "ಲಾಭ... ಎರಡು... ಮೂರು..." ಮಳೆಯ ಸದ್ದು, ಅವಳ ದನಿ, ಮತ್ತೇನೂ ಇಲ್ಲ. ದುರುಗಪ್ಪ ಬಂದು ಬಾಗಿಲಲ್ಲಿ ನಿಂತಿದ್ದ. ಆದೆಪ್ಪ ಗೋಡೆಗೆ ಒತ್ತಿಕೊಂಡ. "ಒಂಬತ್ತು... ಹತ್ತು... ಹನ್ನೊಂದು." ಅವಳ ಕೈ ನಿಂತಿತು. ವಾಡೆಯಿಂದ ಕಾಳು ಇನ್ನೂ ಸ್ವಲ್ಪ ಉದುರುತ್ತಿತ್ತು. ಮುಗಿಯಿತು, ಇನ್ನು ಚೀಲ ಕಟ್ಟುತ್ತಾರೆ, ಹೋಗುತ್ತಾರೆ, ಬರುವುದಿಲ್ಲ, ಎಂದು ಅವನ ಎದೆ ಹಗುರಾಗತೊಡಗಿತು. ಗ್ಯಾನಮ್ಮ ಆದೆಪ್ಪನ ಕಡೆ ನೋಡಲಿಲ್ಲ. ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಎಲ್ಲರೂ ಆ ಕಡೆ ನೋಡಿದರು.

ದುರುಗಪ್ಪ ಸುಲಿದ ಅಂಗೈಗಳನ್ನು ಅಂಗಿಯಲ್ಲಿ ಸುತ್ತಿಕೊಂಡಿದ್ದ. ವಾಡೆಯಿಂದ ಇನ್ನೂ ಉದುರುವ ಕಾಳನ್ನು ನೋಡಿದ.

"ಎಣಿಸು ಯವ್ವಾ" ಅಂದ. "ಇನ್ನೊಂದು ಐತಿ."

"ಹನ್ನೆರಡು" ಅಂದಳು ಗ್ಯಾನಮ್ಮ. ಬುಟ್ಟಿ ಸುರಿದಳು, ಉಳಿದವುಗಳಷ್ಟೇ ಎತ್ತರಕ್ಕೆ ಕೈಯಿಂದ ಗುಂಪು ಸರಿಮಾಡಿದಳು. "ಬಾರಪ್ಪ ಆದೆಪ್ಪ, ನಿನ್ನ ಪಾಲು ತಗೋ. ಹಿಂಗಾರಿಗೆ ಕೂರಿಗಿ ಹೂಡೋ ದಿನ ಖಬರ್ ಕಳಸು, ಬರ್ತೀವಿ."

ಅವನು ಅಲುಗಲಿಲ್ಲ. ಹನ್ನೊಂದು ಜನ ತಮ್ಮ ಚೀಲಗಳನ್ನು ಬಿಚ್ಚದೆ, ಅವನು ಮೊದಲು ತೆಗೆದುಕೊಳ್ಳಲಿ ಎಂದು, ಸುಮ್ಮನೆ ಕಾಯುತ್ತ ನಿಂತಿದ್ದರು. ಆದೆಪ್ಪ ಬಂದು ಕೂತು, ಕೆಸರಾದ ಧೋತರದ ಚುಂಗು ಒಡ್ಡಿದ.